ಆರನೆಯ ಪುಸ್ತಕದ ಬೆಲೆ

ಐದು ಪುಸ್ತಕಗಳಿಗೆ ನಾನು ಕೊಟ್ಟದ್ದು ಎರಡು ಸಾವಿರದ ಎಂಟುನೂರು ರೂಪಾಯಿ. ಆರನೆಯದಕ್ಕೆ ಎಂಟುನೂರು ರೂಪಾಯಿ ಮತ್ತು ಒಂದು ಪುಟ. ಐದನ್ನು ಕೊಳ್ಳುವಾಗ ಆರನೆಯದನ್ನು ಬೇಡವೆಂದು ಬಿಟ್ಟು ಬಂದಿದ್ದೆ. ನಾಲ್ಕು ತಿಂಗಳ ಮೇಲೆ ಅದನ್ನೇ ಹುಡುಕಿಕೊಂಡು ಕುಂಟುತ್ತ ಹೋಗಬೇಕಾಯಿತು. ರೂಪಾಯಿಯ ಮಟ್ಟಿಗೆ ನಷ್ಟವೇನೂ ಆಗಲಿಲ್ಲ, ಮೊದಲು ಹೇಳಿದ ದರವೇ ಕೊನೆಗೂ ಬಿತ್ತು. ಆದರೆ ಆ ಒಂದು ಪುಟ ಇದೆಯಲ್ಲ, ಮೂವತ್ತು ವರ್ಷದ ವ್ಯಾಪಾರದಲ್ಲಿ ಅಷ್ಟು ದುಬಾರಿಯ ಬೆಲೆಯನ್ನು ನಾನು ಯಾವುದಕ್ಕೂ ತೆತ್ತಿಲ್ಲ.

ಪುಸ್ತಕವೆಂದರೆ ಕಥೆ ಪುಸ್ತಕ ಎಂದುಕೊಳ್ಳಬೇಡಿ. ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುವ ಮಕ್ಕಳಿಗೆ ಬರವಣಿಗೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಲಿಸುವ ಪಾಠದ ಕಟ್ಟು ಅದು. ಮೊದಲ ಪುಸ್ತಕದಲ್ಲಿ ಬಿಡಿ ವಾಕ್ಯ, ಎರಡನೆಯದರಲ್ಲಿ ನಾಲ್ಕೈದು ವಾಕ್ಯ ಸೇರಿಸುವುದು, ಹೀಗೆ ಐದನೆಯದು ಮುಗಿಯುವಾಗ ಮಗು ತನ್ನಷ್ಟಕ್ಕೆ ತಾನೇ ಒಂದು ಪುಟ ಬರೆಯುತ್ತದೆ ಎಂಬ ಅಂದಾಜು. ಆರನೆಯದಕ್ಕೆ ಹಸಿರು ರಟ್ಟು. ಅದೀಗ ನನ್ನ ಅಂಗಡಿಯಲ್ಲಿ ತೂಕದ ಯಂತ್ರದ ಪಕ್ಕದಲ್ಲೇ ಇರುತ್ತದೆ. ಕೆಲವು ಗಿರಾಕಿಗಳು ಅದನ್ನೂ ರದ್ದಿ ಎಂದುಕೊಂಡು ತಮ್ಮ ಕಟ್ಟಿನ ಮೇಲೆ ಇಡಲು ಹೋಗುತ್ತಾರೆ. ನಾನು ಕೈ ಅಡ್ಡ ಹಿಡಿಯುತ್ತೇನೆ.

ಶಿರಸಿಯ ಯಲ್ಲಾಪುರ ನಾಕೆಯ ಆಚೆ ನನ್ನದೊಂದು ಗುಜರಿ ಅಂಗಡಿ. ಕಬ್ಬಿಣ, ತಗಡು, ಬಾಟಲಿ, ಹಳೆ ಪೇಪರು. ಏಳನೇ ಇಯತ್ತೆಗೆ ಶಾಲೆ ಬಿಟ್ಟು, ಸೈಕಲ್ಲಿನ ಹಿಂದೆ ಗೋಣಿಚೀಲ ಕಟ್ಟಿಕೊಂಡು ಊರೂರು ತಿರುಗಿ ಶುರುಮಾಡಿದ್ದು. ಈಗ ಸ್ವಂತ ಶೆಡ್ಡಿದೆ, ಒಂದು ಟೆಂಪೋ ಇದೆ. ಜಂಬಕ್ಕೆ ಹೇಳುತ್ತಿಲ್ಲ. ಕೊಳ್ಳುವ ವಿಷಯದಲ್ಲಿ ನನಗೆ ಯಾರೂ ಟೋಪಿ ಹಾಕಲಾರರು ಎಂಬ ಧೈರ್ಯ ನನಗಿತ್ತು ಎನ್ನುವುದು ನಿಮಗೆ ಗೊತ್ತಿರಲಿ ಎಂದು ಹೇಳಿದೆ. ಮುಂದೆ ಬರುವುದೆಲ್ಲ ಆ ಧೈರ್ಯ ಹೋದ ಬಗೆ.

ಪ್ರತಿ ಏಪ್ರಿಲ್ಲಿನಲ್ಲಿ ನನ್ನ ಅಂಗಡಿಗೆ ಶಾಲೆಯ ನೋಟ್‌ಬುಕ್ಕುಗಳು ಬರುತ್ತವೆ. ಒಂದು ವರ್ಷದ ಓದು ಗೋಣಿಚೀಲದಲ್ಲಿ ಬಂದು ತಕ್ಕಡಿ ಏರುತ್ತದೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ರಟ್ಟು ಕಿತ್ತು, ಪಿನ್ನು ತೆಗೆಯುತ್ತ ನಾನು ಅವುಗಳನ್ನು ಓದುವುದುಂಟು. ಒಮ್ಮೆ ಒಂದೇ ತರಗತಿಯ ನಲವತ್ತು ನೋಟ್‌ಬುಕ್ಕು ಒಟ್ಟಿಗೆ ಬಂದಿದ್ದವು. ಎಲ್ಲದರಲ್ಲೂ 'ನಮ್ಮ ಶಾಲಾ ಪ್ರವಾಸ' ಎಂಬ ಪ್ರಬಂಧ. 'ಬೆಳಿಗ್ಗೆ ಬೇಗನೆ ಎದ್ದು ಸ್ನಾನ ಮಾಡಿ ಬಸ್ಸನ್ನೇರಿದೆವು. ಮಾಗೋಡು ಜಲಪಾತವು ನಯನಮನೋಹರವಾಗಿತ್ತು. ಸಂಜೆ ಆನಂದದಿಂದ ಮನೆಗೆ ಮರಳಿದೆವು.' ನಲವತ್ತರಲ್ಲೂ ಅದೇ. ನಲವತ್ತು ಮಕ್ಕಳು ಆ ತಿರುವುಗಳಲ್ಲಿ ಬಸ್ಸಿನಲ್ಲಿ ಹೋಗಿ ಬಂದಿದ್ದಾರೆ, ಒಬ್ಬರಿಗೂ ವಾಂತಿಯಾಗಿಲ್ಲ. ಒಬ್ಬರ ಬುತ್ತಿಯೂ ಮಂಗನ ಪಾಲಾಗಿಲ್ಲ. ಅಂದು ನಾನು ಒಬ್ಬನೇ ಕೂತು ನಕ್ಕಿದ್ದೆ. ನನ್ನ ಮಗಳ ಸರದಿ ಬಂದಾಗ ನಗು ಬರಲಿಲ್ಲ.

ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಸಫಿಯಾ, ಹನ್ನೊಂದು ವರ್ಷ. ಚಿಕ್ಕವಳು ನೂರ್, ಏಳು. ಸಫಿಯಾ ಬಾಯಲ್ಲಿ ಬಲು ಜೋರು. ನನ್ನ ಗಿರಾಕಿಗಳ ನಡಿಗೆ, ಕೆಮ್ಮು, ಚೌಕಾಸಿ ಎಲ್ಲವನ್ನೂ ಅವಳು ಮಾಡಿ ತೋರಿಸಿದರೆ ನನ್ನ ಅಮ್ಮಿ, ಮಕ್ಕಳ ಬಾಯಲ್ಲಿ ದಾದಿ, ಅಂದರೆ ಅಜ್ಜಿ, ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಆದರೆ ಕೈಗೆ ಪೆನ್ನು ಕೊಟ್ಟರೆ ಹುಡುಗಿ ಕಲ್ಲಾಗುತ್ತಾಳೆ. ಶಾಲೆಯಲ್ಲಿ ಸೋಮವಾರ ಪ್ರಬಂಧ ಬರೆಸುತ್ತಿದ್ದರು. ಭಾನುವಾರ ಸಂಜೆಯೇ ಇವಳಿಗೆ ಜ್ವರ. ಬರೆಯಲು ಕೂತರೆ ಅಂಗೈ ಬೆವರಿ, ಕಾಗದ ಒದ್ದೆಯಾಗಿ, ಶಾಯಿ ಹರಡುತ್ತಿತ್ತು. ಒಂದು ದಿನ ಆ ಒದ್ದೆ ಪುಟವನ್ನು ಎತ್ತಿ ಹಿಡಿದು ತರಗತಿಯ ಎದುರು ನಿಲ್ಲುವಂತೆ ಹೇಳಿದರಂತೆ. ಅಂದಿನಿಂದ ಮಕ್ಕಳು ಅವಳಿಗಿಟ್ಟ ಹೆಸರು 'ನಲ್ಲಿ'. ಮನೆಗೆ ಬಂದು ಅದನ್ನೂ ಅವಳು ನಟಿಸಿ ತೋರಿಸಿದಳು. ಆ ಸಲ ದಾದಿ ನಗಲಿಲ್ಲ.

ನನ್ನ ಹೆಂಡತಿ ಶಮೀಮ್ ಬಿ.ಎ. ಓದಿದವಳು. ಜೂನ್‌ನಲ್ಲಿ ಇಬ್ಬರನ್ನೂ ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತೇನೆ ಎಂದಳು. ನೆಂಟರು ಒಬ್ಬೊಬ್ಬರಾಗಿ ಬಂದು ಚಹಾ ಕುಡಿದು ಹೆದರಿಸಿ ಹೋದರು. ಗುಜರಿಯವನ ಮಕ್ಕಳು ಗುಜರಿಗೇ, ಎಂದು ಒಬ್ಬರು ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದ್ದು ನನ್ನ ಕಿವಿಗೂ ಬಿತ್ತು. ಹಾಗಾಗಿ ನಾವಿಬ್ಬರೂ ಕೂತು ಒಂದು ಗಡುವು ಹಾಕಿಕೊಂಡೆವು: ಮಾರ್ಚ್ ಮುಗಿಯುವುದರೊಳಗೆ ಸಫಿಯಾ ಯಾರ ಸಹಾಯವೂ ಇಲ್ಲದೆ ಸ್ವಂತದ್ದೊಂದು ಪುಟ ಬರೆಯಬೇಕು. ಬರೆಯದಿದ್ದರೆ ಮತ್ತೆ ಶಾಲೆ.

ಅವಳು ಬಾಗಿಲ ಮರೆಯಲ್ಲಿ ಕೇಳಿಸಿಕೊಂಡಿದ್ದಳು.

"ಅದೇ ಶಾಲೆನಾ ಅಬ್ಬಾ?" ಎಂದಳು.

"ಊರಲ್ಲಿ ನಮಗೆ ಹತ್ರ ಇರೋದು ಅದೇ ಅಲ್ವಾ" ಎಂದೆ. ಅವಳು ಎರಡೂ ಅಂಗೈಯನ್ನು ಫ್ರಾಕಿಗೆ ಒರೆಸಿಕೊಂಡಳು. ಅಲ್ಲಿ ಪೆನ್ನೂ ಇರಲಿಲ್ಲ, ಕಾಗದವೂ ಇರಲಿಲ್ಲ.

ಶಮೀಮ್ ಕೆಲಸ ಹಂಚಿದಳು. "ಲೆಕ್ಕ, ವಿಜ್ಞಾನ, ಇಂಗ್ಲಿಷು ನನ್ನದು. ಬರವಣಿಗೆಗೆ ಯಾವುದಾದ್ರೂ ಸರಿಯಾದ ಪಾಠದ ಸೆಟ್ಟು ಹುಡುಕಿ ತರೋದು ನಿಮ್ಮದು. ಕೊಳ್ಳೋದ್ರಲ್ಲಿ ನೀವು ಹುಷಾರು ಅಂತ ಊರೆಲ್ಲ ಹೇಳ್ತಾರಲ್ಲ."

ಹುಷಾರೇ ಇದ್ದೆ ಎನ್ನಿ. ಮೊದಲು ನೋಡಿದ್ದು ದೊಡ್ಡ ಊರಿನ ಒಂದು ಕಂಪನಿಯ ಡಬ್ಬಿ. ಮಾರಲು ಬಂದ ಏಜೆಂಟನ ಶೂ ನನ್ನ ಶೆಡ್ಡಿನ ನೆಲಕ್ಕೆ ಹೆದರುತ್ತಿತ್ತು. ಡಬ್ಬಿ ತೆರೆದರೆ ಬಣ್ಣದ ಕಾರ್ಡು, ನುಣುಪು ಕಾಗದ. ನಾನು ಕಾಗದವನ್ನು ಮಡಚಿ ನೋಡಿದೆ. ರದ್ದಿಯಲ್ಲಿ ಇಂಥ ಕಾಗದಕ್ಕೆ ದರ ಕಡಿಮೆ ಎಂದು ಅವನಿಗೆ ಹೇಳಲಿಲ್ಲ. "ಇದನ್ನ ತಗೊಂಡವರು ಈ ಕಡೆ ಯಾರಿದ್ದಾರೆ?" ಎಂದಷ್ಟೇ ಕೇಳಿದೆ. ಸಿದ್ದಾಪುರದ ತ್ಯಾಗಲಿಯ ಕಡೆ ಒಬ್ಬರ ಹೆಸರು ಹೇಳಿದ. ಅವನು ಹೋದ ಮರುದಿನವೇ ಟೆಂಪೋ ತೆಗೆದುಕೊಂಡು ಅಲ್ಲಿಗೆ ಹೋದೆ. ಹಳೆ ಮೋಟಾರು ಕೊಳ್ಳುವಾಗ ನಾವು ಮಾರುವವನ ಮಾತು ಕೇಳುವುದಿಲ್ಲ, ಓಡಿಸಿದವನನ್ನು ಕೇಳುತ್ತೇವೆ.

ಇಬ್ಬರು ಗಂಡುಮಕ್ಕಳನ್ನು ಮನೆಯಲ್ಲೇ ಓದಿಸುತ್ತಿದ್ದ ಆ ತಾಯಿ ನನ್ನನ್ನು ಕೂರಿಸಿ, ಡಬ್ಬಿ ತಂದು ಎದುರಿಗಿಟ್ಟರು. ತುಂಬಿಸಿದ ಪುಸ್ತಕ ತೋರಿಸಿ ಎಂದೆ. ಒಬ್ಬನದು ಹನ್ನೊಂದನೇ ಪುಟಕ್ಕೆ ನಿಂತಿತ್ತು, ಇನ್ನೊಬ್ಬನದು ಒಂಬತ್ತಕ್ಕೆ.

"ಆಮೇಲೆ?"

"ಆಮೇಲೆ ಎಂತದೂ ಇಲ್ಲೆ" ಎಂದರು ಅವರು. "ಪ್ರಶ್ನೆಗಿಂತ ಮೊದಲೇ ಉತ್ತರದ ಮಾದರಿ ಕೊಟ್ಟಿದ್ದ. ಇವು ಅದನ್ನೇ ನೋಡಿ ಬರೆದ್ವು. ಒಂದಿನ ನಂಗೂ ಬೇಜಾರು ಬಂತು, ಅವಕ್ಕೂ ಬಂತು. ನಿಮಗೆ ಬೇಕಾರೆ ತಗಂಡು ಹೋಗಿ, ತೂಕಕ್ಕೆ."

ತೂಕಕ್ಕೆ ತೆಗೆದುಕೊಂಡೇ ಬಂದೆ. ಏಜೆಂಟನಿಗೆ ಬೇಡವೆಂದು ಫೋನು ಮಾಡಿದೆ. ಮೊಬೈಲಿನಲ್ಲಿ ಕಲಿಸುವ ಇನ್ನೊಂದಿತ್ತು. ಅದರಲ್ಲಿ ಒಬ್ಬಾಕೆ ನಗುನಗುತ್ತ ಮಾತಾಡುತ್ತಿದ್ದಳು, ನೂರ್ ಅವಳ ಹಾಗೆಯೇ ತಲೆಯಾಡಿಸುವುದನ್ನು ಒಂದು ವಾರದಲ್ಲಿ ಕಲಿತಳು. ಬರೆಯುವುದು ಅಲ್ಲಿಯೇ ಉಳಿಯಿತು. ಹೀಗೆ ತಿರುಗಿ ತಿರುಗಿ ಕೊನೆಗೆ ಸಿಕ್ಕಿದ್ದು ಮಂಚಿಕೇರಿಯ ಅಕ್ಕೋರು.

ನಮ್ಮ ಕಡೆ ಶಾಲೆಯ ಗಂಡು ಶಿಕ್ಷಕರು ಮಾಸ್ತರು, ಹೆಣ್ಣು ಶಿಕ್ಷಕಿಯರು ಅಕ್ಕೋರು. ಇವರು ನಿವೃತ್ತರು. ಬಸ್ ನಿಲ್ದಾಣದಿಂದ ಕೂಗಳತೆಯ ಮನೆ. ಕನ್ನಡಕದ ಒಂದು ಕಡ್ಡಿ ಹೋಗಿ ಅಲ್ಲಿ ಬಿಳಿ ದಾರ ಬಂದಿತ್ತು. ಮೂವತ್ತು ವರ್ಷ ಮಕ್ಕಳಿಗೆ ಬರೆಸಿದ್ದನ್ನು ಕ್ರಮವಾಗಿ ಜೋಡಿಸಿ ಆರು ಪುಸ್ತಕ ಮಾಡಿ, ಝೆರಾಕ್ಸ್ ತೆಗೆಸಿ, ಕೈಯಿಂದಲೇ ಹೊಲಿದು ಇಟ್ಟಿದ್ದರು. ನಾನು ಪುಟ ತಿರುವಿದೆ. ಮಾದರಿ ಉತ್ತರ ಎಲ್ಲೂ ಇರಲಿಲ್ಲ. ಮಾಲು ಒಳ್ಳೆಯದು ಎಂದು ತಿಳಿಯಿತು. ಹಾಗೆ ತಿಳಿದಾಗ ಮುಖ ಸಪ್ಪೆ ಮಾಡಿಕೊಳ್ಳುವುದು ನಮ್ಮ ಕಸುಬಿನ ಮೊದಲ ಪಾಠ, ಮಾಡಿಕೊಂಡೆ.

"ಎಷ್ಟು ಅಕ್ಕೋರೇ?"

"ಮೂರು ಸಾವಿರದ ಆರುನೂರು. ಐದು ಮಗುವಿಗೆ, ಒಂದು ನಿಮಗೆ."

ಕೈಯಲ್ಲಿದ್ದ ಹಸಿರು ಪುಸ್ತಕ ತೆರೆದೆ. ಮೊದಲ ಪುಟದ ಮೊದಲ ಸಾಲು ಓದಿ ಮುಚ್ಚಿದೆ.

"ಕಲಿಯೋದು ಮಗು. ನನಗ್ಯಾಕೆ ಪುಸ್ತಕ? ಇದೊಂದನ್ನ ತೆಗೀರಿ, ಎಂಟುನೂರು ಕಡಿಮೆ ಮಾಡಿ."

"ತಮ್ಮಾ, ಅದು ಬೇಕಾಗ್ತದೆ."

"ಬೇಕಾದ್ರೆ ಆಮೇಲೆ ನೋಡೋಣ."

ಅವರು ಐದನ್ನು ಮಾತ್ರ ದಾರದಲ್ಲಿ ಕಟ್ಟಿದರು. "ಅಡ್ಡಿಲ್ಲೆ, ತಗಂಡು ಹೋಗಿ" ಎಂದರು. "ಹಸಿರುದ್ದು ಇಲ್ಲೇ ಇರ್ತದೆ."

ಗುಜರಿಯಲ್ಲಿ ಒಂದು ಪದ್ಧತಿ ಇದೆ. ತೂಗುವ ಮೊದಲು ಬೇಡದ್ದನ್ನು ಕಿತ್ತು ಬದಿಗೆ ಹಾಕುವುದು. ತಾಮ್ರದ ವಯರಿಗೆ ಮೇಲಿನ ಪ್ಲಾಸ್ಟಿಕ್ಕು, ಪುಸ್ತಕಕ್ಕೆ ರಟ್ಟು. ಅದೇ ಪದ್ಧತಿಯಲ್ಲಿ ಎಂಟುನೂರು ಉಳಿಸಿದೆ ಎಂದು ಮನೆಯಲ್ಲಿ ಹೇಳಿಕೊಂಡೆ. ಶಮೀಮ್ ಕೂಡ ಮೆಚ್ಚಿದಳು. ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ. ಹಸಿರು ಪುಸ್ತಕದ ಮೊದಲ ಸಾಲು ಹೀಗಿತ್ತು: 'ಮೊದಲು ನೀವು ಬರೆಯಿರಿ. ಮಗು ನೋಡಲಿ.' ಅದನ್ನು ಓದಿದ ಕೂಡಲೇ ನನ್ನ ಕಿವಿ ಬಿಸಿಯಾಗಿತ್ತು. ಆ ಚೌಕಾಸಿ ಮಾಡಿದ್ದು ವ್ಯಾಪಾರಿಯಲ್ಲ. ಹೆದರಿದವನು.

ನನ್ನ ಹೆದರಿಕೆಗೆ ಒಂದು ಹಳೆಯ ಕಾರಣವಿದೆ. ಅದಕ್ಕೆ ಯಲ್ಲಾಪುರಕ್ಕೆ ಹೋಗಬೇಕು.

ನಾನು ಆಗ ಐದನೇ ಇಯತ್ತೆ. ನನ್ನ ಅಬ್ಬಾ ಲಾರಿಯ ಮೇಲೆ ಹೋದರೆ ಹದಿನೈದು ದಿನ ಸುದ್ದಿಯಿಲ್ಲ. ಆ ಸಲ ಅಮ್ಮಿಗೆ ಕಾಮಾಲೆಯಾಯಿತು. ಕಣ್ಣು ಹಳದಿ, ಉಗುರು ಹಳದಿ, ಹಾಸಿಗೆಯಿಂದ ಏಳಲು ಆಗುತ್ತಿರಲಿಲ್ಲ. ಮಡಗಾಂವಿನ ಗ್ಯಾರೇಜಿನಲ್ಲಿ ಅವಳ ಅಣ್ಣ, ನನ್ನ ಮಾಮು, ಕೆಲಸದಲ್ಲಿದ್ದ. ಅಮ್ಮಿಗೆ ಓದು ಬರಹ ಗೊತ್ತಿಲ್ಲ. ಮನೆಯಲ್ಲಿ ಅಕ್ಷರ ಬಲ್ಲವನೆಂದರೆ ನಾನೇ. ಒಂದು ಇನ್‌ಲ್ಯಾಂಡ್ ಪತ್ರ ತರಿಸಿ, ಮಲಗಿದ್ದಲ್ಲಿಂದಲೇ ಅರ್ಧ ಉರ್ದು ಅರ್ಧ ಕನ್ನಡದಲ್ಲಿ ಹೇಳಿದಳು: ನನಗೆ ಬಹಳ ಹುಷಾರಿಲ್ಲ, ಕೂತುಕೊಳ್ಳಲೂ ಆಗುತ್ತಿಲ್ಲ, ಮಗು ಒಂದೇ ಇದೆ, ಕೆಲಸ ಬಿಟ್ಟು ಒಂದು ಸಲ ಬಂದು ಹೋಗು.

ಶಾಲೆಯಲ್ಲಿ ಪತ್ರಲೇಖನ ಕಲಿಸಿದ್ದರು. ನನಗೆ ಬಾಯಿಪಾಠ ಬರುತ್ತಿತ್ತು. 'ತೀರ್ಥರೂಪು ಸಮಾನರಾದ ಮಾವನವರ ಚರಣಾರವಿಂದಗಳಲ್ಲಿ' ಎಂದು ಶುರುಮಾಡಿದೆ. ಗ್ಯಾರೇಜಿನ ಗ್ರೀಸಿನಲ್ಲಿದ್ದ ಮಾಮುವಿನ ಕಾಲಿಗೆ ಅಷ್ಟು ದೊಡ್ಡ ಮಾತು. 'ಇಲ್ಲಿ ನಾವೆಲ್ಲರೂ ಕ್ಷೇಮ. ನಿಮ್ಮ ಕ್ಷೇಮಕ್ಕೆ ಆಗಾಗ ಬರೆಯುತ್ತಿರಿ.' ಅಲ್ಲಿಗೆ ಬಂದು ನಿಂತೆ. ನಾವು ಕ್ಷೇಮವಿಲ್ಲ ಎಂದು ಬರೆಯುವುದು ಹೇಗೆಂದು ಪುಸ್ತಕದಲ್ಲಿ ಇರಲಿಲ್ಲ. ಪತ್ರದಲ್ಲಿ ಹಾಗೆ ಬರೆಯಬಹುದೋ ಬಾರದೋ ತಿಳಿಯಲಿಲ್ಲ. ಕೈ ಬೆವರಿತು. ಉಳಿದ ಜಾಗಕ್ಕೆ 'ಈ ವರ್ಷ ಮಳೆ ಬೆಳೆ ಚೆನ್ನಾಗಿದೆ' ಎಂದು ತುಂಬಿಸಿದೆ. ನಮಗೆ ಒಂದು ಗೇಣು ಜಮೀನಿರಲಿಲ್ಲ.

"ಓದು" ಎಂದಳು ಅಮ್ಮಿ.

ಓದಿದೆ. ಕಾಗದದಲ್ಲಿ ಇದ್ದದ್ದನ್ನಲ್ಲ, ಅವಳು ಹೇಳಿದ್ದನ್ನು. ಹುಷಾರಿಲ್ಲ, ಕೂತುಕೊಳ್ಳಲು ಆಗುತ್ತಿಲ್ಲ, ಬಂದು ಹೋಗು. ಒಂದಕ್ಷರ ತಪ್ಪದೆ ಓದಿದೆ. ಅವಳು ಕಣ್ಣು ಮುಚ್ಚಿಕೊಂಡು ಕೇಳಿ, ಸಾಕು ಎಂದಳು. ನಾನೇ ಹೋಗಿ ಡಬ್ಬಿಗೆ ಹಾಕಿ ಬಂದೆ.

ಮಾಮು ಬರಲಿಲ್ಲ. ಸಂಜೆಯ ಬಸ್ಸು ಬಂದ ಸದ್ದಾದರೆ ಅಮ್ಮಿ ಬಾಗಿಲ ಕಡೆ ಮುಖ ತಿರುಗಿಸುತ್ತಿದ್ದಳು. ಎರಡು ದಿನ ಅದನ್ನು ನೋಡಿದ ಮೇಲೆ ನಾನು ಆ ಹೊತ್ತಿಗೆ ಮನೆಯಲ್ಲಿ ಇರುತ್ತಿರಲಿಲ್ಲ. ನೆರೆಯವರು ಗಂಜಿ ಕೊಟ್ಟು, ಯಾರೋ ನಾಟಿ ಔಷಧಿ ತಂದು, ಎರಡು ತಿಂಗಳಲ್ಲಿ ಹೇಗೋ ಎದ್ದು ಕೂತಳು. ಬಕ್ರೀದಿಗೆ ಮಾಮು ಬಂದ. ಬಿರಿಯಾನಿ ಉಣ್ಣುತ್ತ, "ನಿನ್ನ ಮಗ ಏನು ಚಂದ ಪತ್ರ ಬರೀತಾನೆ" ಎಂದ. "ಎಲ್ಲ ಕ್ಷೇಮ, ಮಳೆ ಬೆಳೆ ಚೆನ್ನಾಗಿದೆ. ಏನು ಗತ್ತು ಅವನದು."

ಅಮ್ಮಿ ನನ್ನನ್ನು ನೋಡಿದಳು. ಮಾಮುವಿಗೆ ಇನ್ನೊಂದು ಸೌಟು ಬಡಿಸಿದಳು. ಆಮೇಲೆ ಯಾವತ್ತೂ ನನ್ನಿಂದ ಪತ್ರ ಬರೆಸಲಿಲ್ಲ. ಬರೆಸುವುದಿದ್ದರೆ ಎರಡು ಮನೆ ದಾಟಿ ಹೋಗಿ ಇನ್ಯಾರಿಂದಲೋ ಬರೆಸಿಕೊಂಡು ಬರುತ್ತಿದ್ದಳು. ನಾನೂ ಬರೆಯುವುದನ್ನು ಬಿಟ್ಟೆ. ಗುಜರಿಯಲ್ಲಿ ವಾಕ್ಯ ಬೇಕಾಗುವುದಿಲ್ಲ, ಸರಕಿನ ಹೆಸರು ಮತ್ತು ಕಿಲೋ ಸಾಕು.

ಇನ್ನು ಶಿರಸಿಗೆ ವಾಪಸ್ಸು ಬರುತ್ತೇನೆ.

ಐದು ಪುಸ್ತಕ ಮನೆಗೆ ಬಂದ ಮೇಲೆ ಸಫಿಯಾ ದಿನಕ್ಕೊಂದು ಪಾಠ ಮಾಡತೊಡಗಿದಳು. ಯಾರೂ ಎದುರು ನಿಲ್ಲಿಸುವವರಿಲ್ಲ, ಹಾಗಾಗಿ ಕೈ ಬೆವರುವುದು ಕಡಿಮೆಯಾಯಿತು. ಅಕ್ಷರ ಮುತ್ತಿನ ಹಾಗೆ. ಮೊದಲ ಪುಸ್ತಕ ಮುಗಿಯಿತು, ಎರಡನೆಯದೂ ಮುಗಿಯಿತು. ನಾನು ತೆರೆದು ನೋಡುತ್ತಿರಲಿಲ್ಲ, ದಪ್ಪ ನೋಡುತ್ತಿದ್ದೆ. ತುಂಬಿದ ಪುಟಗಳು ತುಂಬದ ಪುಟಗಳಿಗಿಂತ ಸ್ವಲ್ಪ ಉಬ್ಬಿಕೊಂಡಿರುತ್ತವೆ. ಆ ಉಬ್ಬು ದಿನದಿನಕ್ಕೆ ಮುಂದೆ ಹೋಗುವುದು ಕಂಡು ಸಮಾಧಾನ.

ದೀಪಾವಳಿಯ ಮುಂಚೆ ಊರೆಲ್ಲ ಮನೆ ಸ್ವಚ್ಛ ಮಾಡುತ್ತದೆ, ನಮಗೆ ಮಾಲೇ ಮಾಲು. ಆ ಗಡಿಬಿಡಿಯಲ್ಲಿ ಒಂದು ಮಧ್ಯಾಹ್ನ ರಾಶಿಯ ಮೇಲಿನ ಹಳೆಯ ಜಿಂಕ್ ತಗಡು ಜಾರಿ ನನ್ನ ಕಾಲಿಗೆ ಬಿತ್ತು. ಮೀನಖಂಡದಿಂದ ಹಿಮ್ಮಡಿಯ ತನಕ ಸೀಳಿತು. ಊಟದ ಡಬ್ಬಿ ಕೊಡಲು ಬಂದ ಸಫಿಯಾ ಅಲ್ಲೇ ಇದ್ದಳು. ನಾನು ಮಣ್ಣಿನಲ್ಲಿ ಕೂತು ಬಿಟ್ಟೆ. ಅವಳು ನನ್ನ ಒಂದು ಚಪ್ಪಲಿಯನ್ನು ಎದೆಗೆ ಅವಚಿಕೊಂಡು ಆಸ್ಪತ್ರೆಯ ತನಕ ಆಟೋದಲ್ಲಿ ಬಂದಳಂತೆ. ಹದಿಮೂರು ಹೊಲಿಗೆ. ಮನೆಯಲ್ಲಿ ಅವತ್ತು ಒಲೆ ಹಚ್ಚಲಿಲ್ಲ, ಅಮ್ಮಿ ನಮಾಜಿನ ಚಾಪೆಯಿಂದ ಏಳಲಿಲ್ಲ.

ಮರುದಿನ ಮಲಗಿದ್ದಲ್ಲಿ ಬೇಸರವಾಗಿ, ಪಕ್ಕದಲ್ಲಿದ್ದ ಅವಳ ಮೂರನೆಯ ಪುಸ್ತಕವನ್ನು ಕೈಗೆತ್ತಿಕೊಂಡೆ. ಶಾಯಿ ಆಗಷ್ಟೇ ಒಣಗಿತ್ತು. ಪ್ರಶ್ನೆ: ನಿನ್ನೆ ನಿಮ್ಮ ಮನೆಯಲ್ಲಿ ಏನು ನಡೆಯಿತು? ಅವಳ ಉತ್ತರ: 'ನಿನ್ನೆ ನಮ್ಮ ಮನೆಯಲ್ಲಿ ಎಲ್ಲರೂ ಸಂತೋಷದಿಂದ ಇದ್ದೆವು. ತಾಯಿಯವರು ರುಚಿಯಾದ ಅಡುಗೆ ಮಾಡಿದ್ದರು. ನಾನು ಮತ್ತು ತಂಗಿ ಆಟವಾಡಿದೆವು. ಹವಾಮಾನವು ಹಿತಕರವಾಗಿತ್ತು.'

ಹವಾಮಾನವು ಹಿತಕರವಾಗಿತ್ತು. ನಾನು ಆ ಸಾಲನ್ನು ಎಷ್ಟು ಸಲ ಓದಿದೆನೋ. ಕಾಲಿನ ನೋವು ಎಲ್ಲಿಗೋ ಹೋಯಿತು. ಮೂವತ್ತೈದು ವರ್ಷದ ಹಿಂದಿನ ನನ್ನ ಇನ್‌ಲ್ಯಾಂಡ್ ಪತ್ರ ಅವಳ ಅಕ್ಷರದಲ್ಲಿ ನನ್ನೆದುರು ಇತ್ತು. ಹಿಂದಿನ ಪುಟಗಳನ್ನು ತಿರುವಿದೆ. ಎಲ್ಲ ಪುಟದಲ್ಲೂ ಎಲ್ಲರೂ ಕ್ಷೇಮ. ಮಗಳು ಶಾಲೆ ಬಿಟ್ಟಿದ್ದಳು, ಆ ನಲವತ್ತು ನೋಟ್‌ಬುಕ್ಕುಗಳು ಅವಳನ್ನು ಬಿಟ್ಟಿರಲಿಲ್ಲ.

ಕರೆದು ಕೇಳಿದೆ. "ನಿನ್ನೆ ಅಬ್ಬಾನ ಕಾಲು ಕೊಯ್ದಿದ್ದು ಇದರಲ್ಲಿ ಇಲ್ಲವಲ್ಲ ಮಗಾ?"

ಅವಳು ಆಶ್ಚರ್ಯದಿಂದ ನೋಡಿದಳು. "ಅಂಥದೆಲ್ಲ ಬರೀಬಹುದಾ ಅಬ್ಬಾ?"

ಹೊಲಿಗೆ ಬಿಚ್ಚುವ ಮೊದಲೇ ನಾನು ಮಂಚಿಕೇರಿಯ ಬಸ್ಸು ಹತ್ತಿದೆ. ಶಮೀಮ್ ಬೈದಳು. ಹೋಗುವ ದಾರಿಯುದ್ದಕ್ಕೂ ಮಾರ್ಚ್ ತಿಂಗಳು ಕಣ್ಣೆದುರು. ಅದೇ ಬಾಗಿಲು, ಅದೇ ಸೋಮವಾರ, 'ನಲ್ಲಿ ಬಂತು' ಎನ್ನುವ ಮಕ್ಕಳು. ನಾನು ಎಂಟುನೂರು ಉಳಿಸಿದ್ದು ಇದಕ್ಕೆ.

ಅಕ್ಕೋರು ಜಗಲಿಯಲ್ಲಿ ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದರು. ನನ್ನ ಕಾಲಿನ ಪಟ್ಟಿ ನೋಡಿ, "ಎಂತ ಆತು?" ಎಂದರು. ಹೇಳಿದೆ. ಸಫಿಯಾ ಬರೆದದ್ದನ್ನೂ ಹೇಳಿದೆ. ಅವರು ಕಲ್ಲು ಆರಿಸುವುದನ್ನು ನಿಲ್ಲಿಸಲಿಲ್ಲ.

"ಹಸಿರು ಪುಸ್ತಕ ಬೇಕಿತ್ತು ಅಕ್ಕೋರೇ. ಎಂಟುನೂರು ತಂದಿದ್ದೇನೆ."

"ಆಗ ಎಂಟುನೂರು. ಈಗ ಎಂಟುನೂರು, ಮತ್ತೆ ಒಂದು ಪುಟ."

"ಎಂತ ಪುಟ?"

"ನೀವು ಬರೆದದ್ದು. ನಿಮ್ಮ ಮನೆಯಲ್ಲಿ ನಡೆದದ್ದು ಯಾವುದಾದ್ರೂ ಒಂದು. ಇಲ್ಲೇ ಕೂತ್ಕಂಡು."

"ನನಗೆ ಬರೆದು ರೂಢಿ ಇಲ್ಲ. ಸಾವಿರ ತಗೊಳ್ಳಿ."

"ಇಲ್ಲ."

"ಅರ್ಧ ಪುಟ ಮಾಡಿ ಅಕ್ಕೋರೇ. ಕಾಲು ನೋವು."

"ಕಾಲಲ್ಲಿ ಬರೀತ್ರಾ?" ಎಂದರು. ಒಳಗಿಂದ ಕಾಗದ, ಪೆನ್ನು, ಒಂದು ಮಣೆ ತಂದು ಎದುರಿಗಿಟ್ಟು ಮತ್ತೆ ಮೊರ ಹಿಡಿದರು.

ನಾನು ಕೂತೆ. ಕಾಗದ ಬಿಳಿ ಇತ್ತು. ಇಷ್ಟು ವರ್ಷ ನನ್ನ ಕೈ ದಾಟಿ ಹೋದ ಕಾಗದವನ್ನು ಒಟ್ಟಿದರೆ ಒಂದು ಗುಡ್ಡ ಆದೀತು, ಆದರೆ ಖಾಲಿ ಹಾಳೆಯೊಂದು ನನ್ನನ್ನು ಹೀಗೆ ನೋಡಿದ್ದು ಅದೇ ಮೊದಲು. ಮೊದಲ ಸಾಲು ತಾನಾಗಿ ಬಂತು: 'ಇಲ್ಲಿ ನಾವೆಲ್ಲರೂ ಕ್ಷೇಮ.' ಹೊಡೆದು ಹಾಕಿದೆ. ಪೆನ್ನು ಜಾರತೊಡಗಿತು. ನೋಡಿದರೆ ಅಂಗೈ ನೀರಾಗಿದೆ, ಕಾಗದದ ಕೆಳಗಿನ ಮೂಲೆ ಒದ್ದೆಯಾಗಿ ಸುರುಟಿದೆ. ಅಂದರೆ ಇದು ಅವಳಿಗೆ ನನ್ನಿಂದಲೇ ಬಂದದ್ದು. ಆ ಶಾಲೆಯವರನ್ನು ನಾನು ನಾಲ್ಕು ತಿಂಗಳಿಂದ ಬೈದುಕೊಳ್ಳುತ್ತಿದ್ದೆ.

ಅಕ್ಕಿಯಿಂದ ಕಲ್ಲು ಬೀಳುವ ಸದ್ದೊಂದೇ. ಕೊನೆಗೆ ಬರೆದೆ. ಅಮ್ಮಿಗೆ ಕಾಮಾಲೆಯಾಗಿತ್ತು. ಮಾಮುವಿಗೆ ಬಾ ಎಂದು ಬರೆಯಲು ಹೇಳಿದಳು. ನಾನು ಬರೆಯಲಿಲ್ಲ. ಬರೆದಿದ್ದೇನೆ ಎಂದು ಸುಳ್ಳು ಓದಿದೆ. ಅಲ್ಲಿಂದ ಮುಂದೆ ಬಸ್ಸಿನ ಸದ್ದು, ಬಕ್ರೀದು, ಆ ಸೌಟು. ಪುಟದ ಕೊನೆ ಮುಟ್ಟಿದಾಗ ಹೊರಗೆ ಶಿರಸಿಯ ಎರಡು ಬಸ್ಸು ಹೋಗಿಯಾಗಿತ್ತು.

ಅಕ್ಕೋರು ಪುಟವನ್ನು ತೆಗೆದುಕೊಂಡರು. ಓದಲಿಲ್ಲ. ಎರಡು ಮಡಿಕೆ ಮಾಡಿ ಹಸಿರು ಪುಸ್ತಕದೊಳಗಿಟ್ಟು ನನಗೇ ಕೊಟ್ಟರು.

"ಓದೋದಿಲ್ವಾ ಅಕ್ಕೋರೇ?"

"ನಾನೆಂತಕ್ಕೆ ಓದಲಿ? ನಿಮ್ಮ ಮಗಳ ಎದುರು ಓದಿ. ಮೊದಲನೇ ಪಾಠ ಅದೇ. ಮತ್ತೆ, ಹೊಡೆದು ಹಾಕಿದ್ದನ್ನ ತಿದ್ದಿ ಚಂದ ಮಾಡಿ ಬರೆಯಕ್ಕೆ ಹೋಗಬೇಡಿ. ಅದೂ ಕಾಣಲಿ."

ಮನೆಗೆ ಬಂದಾಗ ಸಂಜೆಯ ಅಸರ್ ನಮಾಜು ಮುಗಿಸಿ ಅಮ್ಮಿ ಪಡಸಾಲೆಯಲ್ಲಿ ಕೂತಿದ್ದಳು. ಸಫಿಯಾ ಅವಳ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು. ಅಮ್ಮಿ ಇಲ್ಲದ ಹೊತ್ತು ನೋಡಿ ಓದೋಣ ಎಂದು ಮನಸ್ಸು ಹೇಳಿತು. ಅದು ಮತ್ತೆ ಅದೇ ಚೌಕಾಸಿ. ಕೂತು ಕಾಗ‌ದ ಬಿಚ್ಚಿದೆ. ಸಫಿಯಾ ಬಂದು ಹೆಗಲ ಮೇಲಿಂದ ಬಗ್ಗಿದಳು. ಓದಿದೆ. ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳುತ್ತಿತ್ತು. ಸುಳ್ಳು ಓದಿದೆ ಎಂಬಲ್ಲಿ ಅಮ್ಮಿಯ ಸೂಜಿ ನಿಂತಿತು.

ಮುಗಿದ ಮೇಲೆ ತಲೆ ಎತ್ತದೆ ಕೇಳಿದಳು. "ಈಗ ಓದಿದ್ದು, ಅದರಲ್ಲಿ ಬರೆದದ್ದೇನಾ?"

ಆ ಪ್ರಶ್ನೆಯನ್ನು ಅವಳು ಮೂವತ್ತೈದು ವರ್ಷ ಇಟ್ಟುಕೊಂಡಿದ್ದಳು.

"ಹೌದು ದಾದಿ" ಎಂದಳು ಸಫಿಯಾ. "ನಾನು ನೋಡ್ತಾನೇ ಇದ್ದೆ. ಹಾಗೇ ಬರೆದಿದೆ. ತಪ್ಪು ಹದಿನಾಲ್ಕಿದೆ."

ಅಮ್ಮಿ ಮತ್ತೆ ಸೂಜಿ ಹಿಡಿದಳು. "ಹದಿನಾಲ್ಕು ಅಡ್ಡಿಯಿಲ್ಲ" ಎಂದಳು.

ಮರುದಿನ ಬೆಳಿಗ್ಗೆ ಮೇಜಿನ ಒಂದು ಬದಿಗೆ ನಾನು, ಇನ್ನೊಂದು ಬದಿಗೆ ಸಫಿಯಾ. ತನಗೂ ಪೆನ್ನು ಬೇಕೆಂದು ಹಟ ಹಿಡಿದ ನೂರ್ ಮೇಜಿನ ಕೆಳಗೆ. ನಾನು ಮೊದಲ ಸೈಕಲ್ಲಿನ ಬಗ್ಗೆ ಬರೆದೆ, ಹೊಡೆದೆ, ಮತ್ತೆ ಬರೆದೆ. ಅವಳು ನನ್ನ ಚಿತ್ತುಗಳನ್ನು ಎಣಿಸುತ್ತಿದ್ದಳು. ಎಷ್ಟೋ ಹೊತ್ತಿಗೆ ತಾನೂ ಬಗ್ಗಿದಳು. ಆರು ಸಾಲು. 'ಅಬ್ಬಾನ ಕಾಲಿಗೆ ತಗಡು ಬಿತ್ತು. ರಕ್ತ ನೋಡಿ ನನಗೆ ಅಷ್ಟು ಹೆದರಿಕೆ ಆಗಲಿಲ್ಲ. ಅಬ್ಬಾ ಹೆದರಿದ್ದನ್ನು ನೋಡಿ ಆಯಿತು. ಚಪ್ಪಲಿ ಯಾಕೆ ಹಿಡಿದುಕೊಂಡೆ ಎಂದು ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಯಾರೂ ಅದನ್ನು ಕೆಳಗಿಡು ಎನ್ನಲಿಲ್ಲ. ಅದಕ್ಕೆ ಇಡಲಿಲ್ಲ.' ಕಾಗದ ಒದ್ದೆಯಾಗಿತ್ತು. ನನ್ನದೂ ಆಗಿತ್ತು. ಎರಡನ್ನೂ ಒಟ್ಟಿಗೆ ಕಿಟಕಿಯಲ್ಲಿ ಒಣಗಿಸಿದೆವು.

ಈಗ ಜನವರಿ. ಎಲ್ಲ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಆರು ಸಾಲು ಒಂದು ದಿನ ಒಂಬತ್ತಾಯಿತು, ಮರುದಿನ ಎರಡಕ್ಕೆ ಇಳಿಯಿತು. ವಾರವಿಡೀ ಹಾಳೆ ಖಾಲಿ ಇದ್ದದ್ದೂ ಉಂಟು. ನೆಂಟರು ಇನ್ನೂ ಬರುತ್ತಾರೆ, ಚಹಾ ಇನ್ನೂ ಕುಡಿಯುತ್ತಾರೆ. ಮಾರ್ಚ್ ಹತ್ತಿರವಾದಷ್ಟೂ ನನಗೆ ನಿದ್ದೆ ಕಡಿಮೆ. ಹೋದ ವಾರ ಸಫಿಯಾ ಮುಕ್ಕಾಲು ಪುಟ ಬರೆದಳು. ನಾನು ಅದನ್ನು ಎತ್ತಿಕೊಂಡು ಶಮೀಮ್‌ಳ ಹತ್ತಿರ ಓಡಿದೆ.

"ನೋಡು, ಅಕ್ಷರ ಸಣ್ಣ. ದೊಡ್ಡ ಅಕ್ಷರದಲ್ಲಿ ಬರೆದಿದ್ರೆ ಪೂರ್ತಿ ಪುಟ. ಇದನ್ನ ಒಂದು ಪುಟ ಅಂತಲೇ ಹಿಡಿ, ಗಡುವು ಮುಗೀತು."

ಶಮೀಮ್ ಹೂಂ ಎನ್ನುವವಳೇ ಇದ್ದಳು. ಸಫಿಯಾ ಬಂದು ನನ್ನ ಕೈಯಿಂದ ಹಾಳೆ ಕಿತ್ತುಕೊಂಡಳು.

"ಚೌಕಾಸಿ ಮಾಡಬೇಡಿ ಅಬ್ಬಾ. ಅದು ಇನ್ನೂ ಮುಗಿದಿಲ್ಲ."

ಆಮೇಲಿಂದ ನನಗೆ ಹೆದರಿಕೆ ಇದೆ, ಆದರೆ ಅದು ಬೇರೆ ಹೆದರಿಕೆ. ಅವಳು ಏನು ಬರೆದಾಳು ಎಂಬುದು.

ನೀವೂ ಮನೆಯಲ್ಲಿ ಮಕ್ಕಳಿಗೆ ಬರೆಯಲು ಕಲಿಸುವವರಾದರೆ, ಯಾವ ಸೆಟ್ಟು ಕೊಳ್ಳಲಿ ಎಂದು ತಿರುಗುತ್ತಿದ್ದರೆ, ಅನುಭವಸ್ಥನ ಮಾತೆಂದು ಕೇಳಿ. ಹೊಸ ಪುಸ್ತಕ ತೋರಿಸಿದರೆ ನೋಡಬೇಡಿ, ಬೇರೆ ಮಗು ತುಂಬಿಸಿದ್ದನ್ನು ಕೇಳಿ ನೋಡಿ, ಎಷ್ಟನೇ ಪುಟಕ್ಕೆ ನಿಂತಿದೆ ಎಂದು ಎಣಿಸಿ. ಉತ್ತರದ ಮಾದರಿ ಮೊದಲೇ ಕೊಟ್ಟಿದ್ದರೆ ಎಷ್ಟು ಅಗ್ಗವಾದರೂ ಬಿಟ್ಟು ಬನ್ನಿ. ದರ ಕೇಳಿದ ಕೂಡಲೇ ಒಪ್ಪಬೇಡಿ, ಚೌಕಾಸಿ ಧಾರಾಳವಾಗಿ ಮಾಡಿ, ಆದರೆ ಇದರಲ್ಲಿ ನನಗೆಂದು ಇರುವುದು ಯಾವುದು ಎಂದು ಮೊದಲು ಕೇಳಿ, ಅದೊಂದನ್ನು ಕಟ್ಟಿನಿಂದ ತೆಗೆಸಬೇಡಿ. ನಿಮ್ಮ ಕಿವಿ ಯಾವ ಪುಟ ಓದುವಾಗ ಬಿಸಿಯಾಗುತ್ತದೋ ಆ ಪುಟಕ್ಕೆ ದುಡ್ಡು ಕೊಡಿ. ಪೆನ್ನು ಎರಡು ಕೊಳ್ಳಿ, ಮಗುವಿನ ಎದುರು ಕೂತು ಬರೆಯಿರಿ, ಹೊಡೆದು ಹಾಕಿದ್ದನ್ನು ಕೈಯಿಂದ ಮುಚ್ಚಬೇಡಿ.

ಕೊನೆಯದಾಗಿ ಒಂದು. ವರ್ಷ ಮುಗಿದು, ಏಪ್ರಿಲ್ಲಿನಲ್ಲಿ ಮನೆ ಗುಡಿಸುವಾಗ, ಆ ಪುಸ್ತಕಗಳು ಕೈಗೆ ಸಿಗುತ್ತವೆ. ಶಿರಸಿಯಲ್ಲಿ ರದ್ದಿಗೆ ನನ್ನಷ್ಟು ದರ ಕೊಡುವವರು ಇನ್ನೊಬ್ಬರಿಲ್ಲ. ಆದರೂ ಅವನ್ನು ನನ್ನ ಅಂಗಡಿಗೆ ತರಬೇಡಿ.